ಮೂರನೆಯ ಹಾಡಿನಲ್ಲಿ ಕೇಳಿದ ದನಿ

ಮೂರನೆಯ ಹಾಡು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ರೆಕಾರ್ಡಿನೊಳಗಿಂದ ಒಂದು ಹೆಂಗಸಿನ ದನಿ ಕೇಳಿತು. ವರ್ಲೀನಳ ಕೈಯಲ್ಲಿದ್ದ ಅಲಸಂದೆಯ ಬೋಗುಣಿ ಠಣ್ಣನೆ ನೆಲಕ್ಕೆ ಬಿತ್ತು. ಅದು ಅವಳದೇ ದನಿ!

ರೆಕಾರ್ಡಿನಲ್ಲಿ ಅವಳ ಎಪ್ಪತ್ತೆರಡು ವರ್ಷದ ಗಂಡ ಲೆಮ್ಯುಯಲ್ ಗಿಟಾರಿನಲ್ಲಿ ಬ್ಲೂಸ್ ನುಡಿಸುತ್ತಿದ್ದಾನೆ, ಹೆಂಡದಂಗಡಿಯ ಹಾಡು. ಅದರ ಹಿಂದೆ ಅವಳು ಚರ್ಚಿನ ಹಳೆಯ ಸ್ತೋತ್ರವನ್ನು ಎಳೆದೆಳೆದು ಹಾಡುತ್ತಿದ್ದಾಳೆ... ಎರಡೂ ಹಾಲು ಸಕ್ಕರೆಯಂತೆ ಬೆರೆತುಹೋಗಿವೆ. ಕಳೆದ ಚಳಿಗಾಲದಲ್ಲಿ ರೆಕಾರ್ಡು ಕಂಪನಿಯ ಪೆಂಬರ್ಟನ್ ಮಿಸಿಸಿಪ್ಪಿಯ ಈ ಹಳ್ಳಿಗೆ ಯಂತ್ರ ಹೊತ್ತು ತಂದು ಲೆಮ್ಯುಯಲ್‌ನನ್ನು ಮುಂದಿನ ಕೋಣೆಯಲ್ಲಿ ಕೂರಿಸಿದಾಗ, ಅವಳು ಬಾಗಿಲು ಹಾಕಿಕೊಂಡು ಅಡುಗೆಮನೆಯಲ್ಲಿದ್ದಳು. ಹಲಗೆ ಗೋಡೆಯಾಚೆಗೂ ಆ ಯಂತ್ರಕ್ಕೆ ಕಿವಿಯಿದೆಯೆಂದು ಪಾಪ, ಅವಳಿಗೇನು ಗೊತ್ತು?

"ಅತ್ತಿಗೆ, ಇದು ನಿಮ್ ಗಂಟ್ಲಲ್ವಾ?" ನಾದಿನಿ ಯೂಲಾ ಕುರ್ಚಿಯ ತುದಿಗೆ ಸರಿದಳು. "ಬಿಳಿ ಬಟ್ಟೆ ಹಾಕ್ಕೊಂಡು ಮುಂದಿನ ಬೆಂಚಲ್ಲಿ ಕೂತು ನಮಗೆಲ್ಲ ಬುದ್ಧಿ ಹೇಳೋರು ನೀವು. ಮನೇಲಿ ಸೈತಾನನ ಹಾಡಿಗೆ ದೇವ್ರ ಹಾಡು ಬೆರೆಸ್ತೀರಾ? ಭಾನುವಾರ ಪಾಸ್ಟರ್ ಕೇಳ್ಲಿ, ಆಗ ಗೊತ್ತಾಗತ್ತೆ."

ಯೂಲಾಳದು ಎಲುಬಿಲ್ಲದ ನಾಲಿಗೆ. ಆದರೆ ಅಂದದ್ದು ಸುಳ್ಳಲ್ಲ. ಮುಂದಿನ ಬೆಂಚು ಚರ್ಚಿನ ಹಿರಿಯ ತಾಯಂದಿರದು. ಗಿಟಾರಿನವನ ಹೆಂಡತಿಯೆಂಬ ಒಂದೇ ಕಾರಣಕ್ಕೆ ವರ್ಲೀನಳನ್ನು ಮೂವತ್ತು ವರ್ಷ ಕಾಯಿಸಿ ಆಮೇಲೆ ಅಲ್ಲಿ ಕೂರಿಸಿದ್ದರು.

ಅಚ್ಚಾದ ರೆಕಾರ್ಡನ್ನು ಕೇಳಿಸಲೆಂದು ಇವತ್ತು ತಂದಿದ್ದ ಪೆಂಬರ್ಟನ್ ಕಕ್ಕಾಬಿಕ್ಕಿಯಾದ. "ಅಮ್ಮಾ, ನ್ಯೂಯಾರ್ಕಿನವರು, ಲಂಡನ್ನಿನವರು, ಎಲ್ರೂ ತಲೆ ಮೇಲೆ ಹೊತ್ಕೊಂಡಿರೋದು ಇದೇ ಹಾಡನ್ನ. ಬೇಡ ಅಂದ್ರೆ ಮುಂದಿನ ಪ್ರತಿಗಳಿಂದ ತೆಗೀಬಹುದು. ಆದ್ರೆ..."

"ತೆಗೀರಿ," ಎಂದ ಲೆಮ್ಯುಯಲ್.

ವರ್ಲೀನಳಿಗೆ ಸಿಡಿಲು ಬಡಿದಂತಾಯಿತು. ಐವತ್ತು ವರ್ಷ ಹತ್ತಿ ಬಿಡಿಸಿದ ಕೈಯಲ್ಲೇ ತಂತಿ ಮೀಟಿ, ಯಾರೂ ಹೆಸರು ಕೇಳದೆ ಮುದುಕನಾದವನು... ಕೊನೆಗಾಲದಲ್ಲಿ ಬಾಗಿಲಿಗೆ ಬಂದ ಭಾಗ್ಯವನ್ನು ಒಂದೇ ಮಾತಿನಲ್ಲಿ ಒದೆಯುತ್ತಿದ್ದಾನಲ್ಲ!

"ಹುಚ್ಚೇನ್ರೀ ನಿಮ್ಗೆ?"

"ನಂಗೆ ಹೆಸರು ಇಷ್ಟು ದಿನ ಇರ್ಲಿಲ್ಲ. ಇನ್ಮೇಲೂ ಇಲ್ದಿದ್ರೆ ಸಾಯಲ್ಲ. ನಿನ್ ಬೆಂಚು ಹೋದ್ರೆ ನೀನು ಸಾಯ್ತೀಯ ಕಣೆ."

ಆ ಬೆಂಚಿನ ಬಗ್ಗೆ ಅವನು ಒಂದು ದಿನವೂ ವಿಚಾರಿಸಿದವನಲ್ಲ. ವರ್ಲೀನ್ ನೆಲದ ಮೇಲೆ ಚೆಲ್ಲಿದ್ದ ಅಲಸಂದೆ ಆಯುತ್ತಾ ಕೂತಳು, ಕಣ್ಣು ಮಂಜಾಗಿ ಒಂದೂ ಕಾಣಿಸಲಿಲ್ಲ.

ಭಾನುವಾರ ಚರ್ಚು ತುಂಬಿತ್ತು. ಯೂಲಾ ತನ್ನ ಕೆಲಸ ಮುಗಿಸಿದ್ದಳು. ಪಾಸ್ಟರ್ ಒಳ್ಳೆಯ ಮನುಷ್ಯ, ಬೈಯಲಿಲ್ಲ.

"ಮದರ್ ವರ್ಲೀನ್, ಅರಿವಿಲ್ದೆ ಆಗೋಯ್ತು ಅಂತ ಒಂದು ಮಾತು ಅಂದ್ಬಿಡಿ. ಸಾಕು."

ಅವಳು ಎದ್ದು ನಿಂತಳು. "ಯಂತ್ರ ಕೇಳ್ತಿತ್ತು ಅಂತ ಗೊತ್ತಿರ್ಲಿಲ್ಲ, ನಿಜ. ಹಾಡ್ತಿದೀನಿ ಅಂತ ಗೊತ್ತಿತ್ತು ಪಾಸ್ಟರ್. ನಲವತ್ತಾರು ವರ್ಷದಿಂದ ಬಾಗಿಲು ಹಾಕ್ಕೊಂಡು ಅವ್ರ ಜೊತೆ ಹಾಡ್ತಾನೇ ಇದೀನಿ. ಅವ್ರಿಗೂ ಗೊತ್ತಿಲ್ಲ. ಆ ಹಾಡು ತೆಗೀಬೇಡಿ ಅಂತ ಕಂಪನಿಗೆ ಕಾಗದ ಬರ್ದು ಹಾಕಿದೀನಿ."

ಜನರ ಕೈಯಲ್ಲಿದ್ದ ಬೀಸಣಿಗೆಗಳೆಲ್ಲ ನಿಂತುಹೋದವು.

"ಹಾಗಾದ್ರೆ ಆ ಬೆಂಚು..." ಪಾಸ್ಟರ್ ತಲೆ ತಗ್ಗಿಸಿದರು.

"ಗೊತ್ತು ಪಾಸ್ಟರ್."

ಹಿರಿಯ ತಾಯಂದಿರು ತೊಡುವ ಬಿಳಿಯ ಟೊಪ್ಪಿ ತೆಗೆದು ಬೆಂಚಿನ ಮೇಲಿಟ್ಟು ಅವಳು ಹಿಂದಕ್ಕೆ ನಡೆದಳು. ಕೊನೆಯ ಸಾಲಿಗೆ ಬಂದವಳು ಥಟ್ಟನೆ ನಿಂತಳು. ಮದುವೆಯ ದಿನ ಬಿಟ್ಟರೆ ಈ ಹೊಸ್ತಿಲು ತುಳಿಯದ ಲೆಮ್ಯುಯಲ್, ಇದ್ದೊಂದು ಕೋಟು ಹಾಕಿಕೊಂಡು ಅಲ್ಲಿ ಕೂತಿದ್ದ. ಅವನ ಗಲ್ಲ ಒದ್ದೆಯಾಗಿತ್ತು.

"ನಲವತ್ತಾರು ವರ್ಷ... ಯಾಕೆ ಹೇಳ್ಲಿಲ್ಲ?"

"ನೀವು ಬಾಗ್ಲು ತೆಗೀಲಿಲ್ಲ."

ಅವನು ಪಕ್ಕದಲ್ಲಿಟ್ಟಿದ್ದ ತನ್ನ ಟೊಪ್ಪಿಯನ್ನು ತೊಡೆಯ ಮೇಲೆ ಎತ್ತಿಕೊಂಡ. ವರ್ಲೀನ್ ಆ ಜಾಗದಲ್ಲಿ ಕೂತಳು.