ವೆತುರಿಯಜ್ಜಿಯ ಒಲೆ ಇನ್ನೂ ಬೆಚ್ಚಗಿತ್ತು

ವೆತುರಿಯಜ್ಜಿಯ ಕೆನ್ನೆ ಕೆಂಪಗಿತ್ತು. ಸತ್ತವರ ಮುಖ ಹಾಗಿರುವುದನ್ನು ನಾನು ಕಂಡಿರಲಿಲ್ಲ. ಊರ ಚರ್ಚಿನ ಗಂಟೆ ಬಾರಿಸುವವನು ನಾನು, ನಿಚಿಫೋರ್. ಹೆಣ ನನಗೆ ಹೊಸದಲ್ಲ. ಆದರೂ ಅಂದು ಹಿಂದೆ ಸರಿದು, ಅವಳೊಬ್ಬಳೇ ಮಲಗುವ ಕೋಣೆಯಲ್ಲಿ ಮಂಚದ ಪಕ್ಕದ ಇಟ್ಟಿಗೆ ಒಲೆಗೆ ಬೆನ್ನು ಆನಿಸಿ ನಿಂತೆ. ಹಿತವಾಗಿ ಬೆಚ್ಚಗಿತ್ತು.

"ಅಣಬೆ ಸಾರಿನಿಂದ್ಲೇ ಆಗಿದ್ದು," ಎಂದು ಅಜ್ಜಿಯ ಮಗಳು ಜಂಫಿರ ಅತ್ತಿಗೆಯತ್ತ ಕೈ ತೋರಿಸಿದಳು. "ಕ್ರಿಸ್‌ಮಸ್ ಉಪವಾಸ ಅಂತ ಅಮ್ಮ ಒಬ್ಳೇ ಕುಡಿದ್ಲು. ನೇಮಗೆಟ್ಟ ನಾವೆಲ್ಲ ಹಂದಿಮಾಂಸ ತಿಂದ್ವಿ. ಸಾರು ಮಾಡಿದ್ದು ಇವಳು."

ಸೊಸೆ ಅನುತ್ಸ ಹಸುಗೂಸನ್ನು ಅವಚಿಕೊಂಡು ಗಂಡ ಇಲಾರಿಯೆಯ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಕೆಳಗಿನ ಊರಿಂದ ಹಿಮದ ಮೇಲೆ ಪೊಲೀಸರ ಜಾರುಬಂಡಿ ಹೊರಟಾಗಿತ್ತು. ಮಧ್ಯಾಹ್ನದೊಳಗೆ ಸತ್ಯ ಸಿಗದಿದ್ದರೆ ಅನುತ್ಸಳನ್ನು ಒಯ್ಯುವುದು ಖಂಡಿತ. ಆ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲೂ ನನಗೆ ಹೆದರಿಕೆ.

ನಮ್ಮ ಎವ್ಡೋಕಿಯಕ್ಕ ಮಾತ್ರ ಆರಾಮಾಗಿ ಒಲೆಯ ಮುಂದೆ ಕೂತರು. ಪಟ್ಟಣದಲ್ಲಿ ನ್ಯಾಯಾಧೀಶೆಯಾಗಿ ನಿವೃತ್ತರಾದವರು; ಕಳವಾಗಲಿ ಕೊಲೆಯಾಗಲಿ ಜನ ಓಡುವುದು ಅವರ ಮನೆಗೇ, ಅವರ ಹಿಂದೆ ಓಡುವುದು ಬಡಪಾಯಿ ನಾನು. ಒಲೆಯ ಬಾಗಿಲು ತೆಗೆದರು. ಹೊಸ ಬೆಂಕಿಗೆ ಸೌದೆಯ ಚಕ್ಕೆಗಳನ್ನು ಗುಡಾರದಂತೆ ನಿಲ್ಲಿಸಲಾಗಿತ್ತು, ದಪ್ಪ ತುದಿ ಮೇಲೆ. ಅಡಿಯಲ್ಲಿ ಕರ್ರಗೆ ಇದ್ದಿಲು.

"ರಾತ್ರಿ ಒಲೆ ಹಚ್ಚಿದ್ದು ಯಾರಮ್ಮ?"

"ನಾನೇ ಅಕ್ಕ," ಎಂದಳು ಅನುತ್ಸ. "ಮಗು ಅತ್ತಿತು ಅಂತ ಹೋದೆ. ಕೆಂಡ ಇನ್ನೂ ಇತ್ತು, ಹೊಗೆಗೂಡು ಮುಚ್ಚೋ ತಗಡು ತೆರೆದೇ ಬಿಟ್ಟಿದ್ದೆ. ಬೆಳಿಗ್ಗೆನೂ ಹಾಗೇ ಇತ್ತು."

ಅದನ್ನು ಎಲ್ಲರೂ ಒಪ್ಪಿದರು. ಕೆಂಡ ಪೂರ್ತಿ ಆರಿದ ಮೇಲೆಯೇ ತಗಡು ತಳ್ಳಿ ಶಾಖ ಹಿಡಿದಿಡುವುದು ನಮ್ಮ ರೂಢಿ. ಮೊದಲೇ ತಳ್ಳಿದರೆ ವಿಷಗಾಳಿ ಕೋಣೆ ತುಂಬುತ್ತದೆ.

"ಬೆಳಿಗ್ಗೆ ಯಾರಾದರೂ ಒಲೆ ಮುಟ್ಟಿದ್ರಾ?"

ಮೂವರೂ ಇಲ್ಲವೆಂದರು.

ಎವ್ಡೋಕಿಯಕ್ಕ ಆ ಮೂವರನ್ನೂ ತಮ್ಮ ಮನೆಗೆ ಕರೆದರು. ಪೊಲೀಸಿನವರೂ ಬಂದು ಕೂತರು. ಆರಿದ ಒಲೆ, ಕೊರೆಯುವ ಚಳಿ. ಮೂವರಲ್ಲಿ ಒಬ್ಬರು ಕೊಂದವರು ಎಂದುಕೊಂಡು ಬಾಗಿಲ ಪಕ್ಕದಲ್ಲೇ ಕೂತೆ.

"ಒಬ್ಬೊಬ್ರಾಗಿ ನನ್ನ ಒಲೆಗೆ ಚಕ್ಕೆ ಜೋಡಿಸಿ. ಒಬ್ಬರದ್ದು ನೋಡಿ, ತೆಗೆದು, ಇನ್ನೊಬ್ಬರಿಗೆ ಕೊಡ್ತೀನಿ," ಎಂದರು ಎವ್ಡೋಕಿಯಕ್ಕ.

"ಇದೇನು ಆಟ ಅಕ್ಕ, ಮನೇಲಿ ಹೆಣ ಇದೆ," ಎಂದು ಜಂಫಿರ ಗೊಣಗುತ್ತಲೇ ರಾಶಿ ಹಾಕಿದಳು. ಅನುತ್ಸ ಅಡ್ಡಡ್ಡ, ಒಪ್ಪವಾಗಿ ಪೇರಿಸಿದಳು. ಕಾಡಿನ ಶಿಬಿರಗಳಲ್ಲಿ ಮರ ಕಡಿದು ಬೆಳೆದ ಇಲಾರಿಯೆ ಯೋಚಿಸದೆಯೇ ಚಕ್ಕೆಗಳನ್ನು ಗುಡಾರದಂತೆ ನಿಲ್ಲಿಸಿದ. ದಪ್ಪ ತುದಿ ಮೇಲೆ.

ಅಜ್ಜಿಯ ಒಲೆಯಲ್ಲಿ ಕಂಡದ್ದೂ ಇದೇ ಗುಡಾರ.

"ನಿಚಿಫೋರ್, ಬೆಳಿಗ್ಗೆ ಆ ಒಲೆ ನಿನ್ನ ಬೆನ್ನಿಗೆ ಹೇಗಿತ್ತು?"

"ಬೆಚ್ಚಗಿತ್ತು."

"ಇಂಥ ಚಳೀಲಿ ರಾತ್ರಿಯಿಡೀ ತಗಡು ತೆರೆದಿದ್ದರೆ ಶಾಖ ಎಲ್ಲಾ ಮೇಲೆ ಹೋಗಿ ಒಲೆ ತಣ್ಣಗಾಗ್ಬೇಕಿತ್ತು. ಕೆಂಡ ಉರಿದು ಬಿಳಿ ಬೂದಿ ಆಗ್ಬೇಕಿತ್ತು. ಅಲ್ಲಿದ್ದದ್ದು ಗಾಳಿ ಸಿಗದೆ ಉಸಿರು ಕಟ್ಟಿದ ಇದ್ದಿಲು. ಕೆಂಪು ಕೆನ್ನೆ ವಿಷಗಾಳಿಯ ಗುರುತು, ಅಣಬೆಯದ್ದಲ್ಲ. ಯಾರೋ ತಗಡು ಮುಚ್ಚಿದ್ರು, ಬೆಳಗಾಗೋ ಹೊತ್ತಿಗೆ ತೆಗೆದ್ರು. ತಗಡು ತೆಗೆದ ಮೇಲೆ ಚಕ್ಕೆ ಜೋಡಿಸೋದು ಇಲ್ಲಿ ಎಲ್ಲರಿಗೂ ಹುಟ್ಟಿನಿಂದ ಬಂದ ಅಭ್ಯಾಸ. ಭಯದಲ್ಲೂ ಕೈ ತನ್ನ ಕೆಲಸ ಮಾಡಿಬಿಡ್ತು. ಅಲ್ವೇನಪ್ಪ ಇಲಾರಿಯೆ?"

ಅವನು ಕುಸಿದು ಕೂತ. "ಅಮ್ಮ ಚಳಿ ಚಳಿ ಅಂತಿದ್ಲು. ಕೆಂಡ ಆರೋವರೆಗೆ ಕಾಯಕ್ಕೆ ನಿದ್ದೆ ಬಿಡ್ಲಿಲ್ಲ. ಶಾಖ ಉಳೀಲಿ ಅಂತ ತಳ್ಳಿಬಿಟ್ಟೆ. ಬೆಳಿಗ್ಗೆ ನೋಡಿದ್ರೆ... ಹೆದರಿದೆ ಅಕ್ಕ. ತಾಯಿನ ಕೊಂದವನು ಅಂತಾರೆ ಅಂತ ಹೆದರಿದೆ."

ಜಂಫಿರ ತಲೆವಸ್ತ್ರದ ತುದಿಯನ್ನು ಬಾಯಿಗೊತ್ತಿಕೊಂಡಳು. ಅವನು ಹೆಂಡತಿಯತ್ತ ಕೈ ಚಾಚಿದ. ಅನುತ್ಸ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ತಗಡು ಮುಚ್ಚಿದ್ದು ಅಮ್ಮನ ಮೇಲಿನ ಪ್ರೀತಿಗೆ, ಅದು ನಂಗೆ ಅರ್ಥವಾಗುತ್ತೆ," ಎಂದಳು. "ಬೆಳಿಗ್ಗೆಯಿಂದ ನಿನ್ನ ಮುಖಾನೇ ನೋಡ್ತಿದ್ನಲ್ಲ. 'ಕೊಂದಿದ್ದು ಇವಳಲ್ಲ' ಅಂತ ಒಂದು ಮಾತು ನಿನ್ನ ಬಾಯಿಂದ ಬರ್ಲಿಲ್ಲ."

ಅವಳು ಒಲೆಯ ಮುಂದೆ ಕೂತು ಅವನ ಚಕ್ಕೆಗಳನ್ನು ಒಂದೊಂದಾಗಿ ಹೊರಗೆಳೆದಳು. ತನ್ನ ರೀತಿಯಲ್ಲಿ ಅಡ್ಡಡ್ಡ ಪೇರಿಸಿ, ತಗಡು ತೆರೆದಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿ, ಕಡ್ಡಿ ಗೀರಿದಳು.

"ಮಗೂಗೆ ಚಳಿ ಆಗ್ತಿದೆ," ಎಂದಳು.