ಅವನ ಮಾತಿನಲ್ಲಿ ಅವಳ ನಾಟ್ಯ

"ಈ ದನಿ ಯಾರದು? ಅವರನ್ನ ನಾನು ಈಗಲೇ ನೋಡ್ಬೇಕು!"

ನೋಡ್ಬೇಕು ಅಂದ ಮೇಲೆ ಹರಿಪ್ರಿಯಾ ತುಟಿ ಕಚ್ಚಿಕೊಂಡಳು. ಅವಳ ದೃಷ್ಟಿ ಹೋಗಿ ಎರಡು ವರ್ಷವಾಗಿತ್ತು. ನಾಲಿಗೆಗೆ ಮಾತ್ರ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ...

ವಾಲ್ನಟ್ ಕ್ರೀಕ್‌ನ ರಂಗಮಂದಿರದಲ್ಲಿ ಭರತನಾಟ್ಯ ಮುಗಿದು ಜನ ಹೊರಗೆ ಬರುತ್ತಿದ್ದರು. ಕಣ್ಣು ಕಾಣದವರಿಗೆಂದು ಅಲ್ಲೊಂದು ಇಯರ್‌ಫೋನು ಕೊಡುತ್ತಿದ್ದರು. ವೇದಿಕೆಯ ಮೇಲೆ ನಡೆಯುವುದನ್ನೆಲ್ಲ ಒಬ್ಬರು ಅದರಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗುತ್ತಾರೆ. ತಂಗಿ ತನ್ವಿಯ ಒತ್ತಾಯಕ್ಕೆ ಬಂದಿದ್ದಳು ಹರಿಪ್ರಿಯಾ.

"ನಂದೇ ರೀ ಆ ದನಿ. ನಾನು ಕೇದಾರ," ಪಕ್ಕದಿಂದ ಮಾತು ಬಂತು.

"ಎಲ್ಲದಕ್ಕೂ ಗ್ರೇಸ್‌ಫುಲ್, ಗ್ರೇಸ್‌ಫುಲ್! ಆ ನರ್ತಕಿ ಹಾರಿದ್ರೂ ಅದೇ, ಬಾಗಿದ್ರೂ ಅದೇ. ನಾನು ಏನಂತ ಕಲ್ಪಿಸ್ಕೊಳ್ಲಿ?"

"ಅಕ್ಕಾ, ಪ್ಲೀಸ್..." ತನ್ವಿ ಕೈ ಜಗ್ಗಿದಳು.

ಆತ ಸಿಟ್ಟಾಗಲಿಲ್ಲ. "ಖರೇ ಹೇಳಿದ್ರಿ. ನನಗ ಡಾನ್ಸು ಗೊತ್ತಿಲ್ಲ. ನಿಮಗ ಗೊತ್ತದ ಏನ್ರಿ?"

"ಗೊತ್ತಿತ್ತು."

ಅಷ್ಟು ಹೇಳಿ ಅವಳು ತಿರುಗಿ ನಡೆದಳು. ಮೈಸೂರಿನಲ್ಲಿ ಏಳನೆಯ ವಯಸ್ಸಿಗೆ ಗೆಜ್ಜೆ ಕಟ್ಟಿದವಳು ಅವಳು. ಕಣ್ಣು ಹೋದ ಮೇಲೆ ಒಂದು ಹೆಜ್ಜೆಯನ್ನೂ ಹಾಕಿರಲಿಲ್ಲ.

ಮರುವಾರ ಅವನು ರಂಗಮಂದಿರದವರಿಂದ ನಂಬರು ಪಡೆದು ತನ್ವಿಗೆ ಫೋನು ಮಾಡಿ ಕೇಳಿಕೊಂಡ, "ಡಾನ್ಸು ಹೆಂಗ ಹೇಳ್ಬೇಕಂತ ನಿಮ್ಮ ಅಕ್ಕಾರು ನನಗ ಕಲಿಸ್ತಾರೇನು?"

ಹೀಗೆ ಶುರುವಾದವು ಅಕ್ಕತಂಗಿಯರ ಪ್ಲೆಸೆಂಟನ್ನಿನ ಅಪಾರ್ಟ್‌ಮೆಂಟಿನ ಆ ಭಾನುವಾರಗಳು. ಕೇದಾರ ಪಾಲೋ ಆಲ್ಟೋದಲ್ಲಿ ಎಂಜಿನಿಯರು. ಹುಬ್ಬಳ್ಳಿಯಿಂದ ಚಿಕ್ಕವನಿದ್ದಾಗಲೇ ಈ ದೇಶಕ್ಕೆ ಬಂದವನು; ಅವನ ಕನ್ನಡದಲ್ಲಿ ಅವ್ವನ ಊರು ಹಾಗೇ ಉಳಿದಿತ್ತು.

"ನಿಂಬಲ್ ಅಂದ್ರ?"

"ಚುರುಕು ಕಾಲು. ಇಕ್ಕಟ್ಟಾದ ಜಾಗದಲ್ಲೂ ಎಲ್ಲೂ ತಾಗದ ಹಾಗೆ ಪಟಪಟ ಅಂತ ಹೆಜ್ಜೆ ಬೀಳ್ಬೇಕು."

"ಲೈದ್?"

"ಇಡೀ ಮೈ ಬಳ್ಳಿ ಥರ ಬಳುಕ್ಬೇಕು. ಅಲ್ಲಿ ಅವಸರ ಇರಲ್ಲ."

"ಮತ್ತ ಅಜೈಲ್? ನಮ್ಮ ಆಫೀಸಿನಾಗ ಅಜೈಲ್ ಅಂದ್ರ ಬೆಳಿಗ್ಗೆ ನಿಂತ್ಕೊಂಡು ಮಾಡೋ ಮೀಟಿಂಗು!"

ಅವಳು ಜೋರಾಗಿ ನಕ್ಕುಬಿಟ್ಟಳು. ಅಡುಗೆಮನೆಯಲ್ಲಿದ್ದ ತನ್ವಿ ಕೈಯಲ್ಲಿನ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಅಕ್ಕನ ನಗು ಕೇಳಿ ಎಷ್ಟು ಕಾಲವಾಗಿತ್ತು!

"ಅಜೈಲ್ ಅಂದ್ರೆ... ಓಡ್ತಾ ಇರೋವಾಗಲೇ ದಿಕ್ಕು ಬದಲಾಯಿಸೋದು. ಬಾಯಲ್ಲಿ ಹೇಳಕ್ಕಾಗಲ್ಲ. ಇರಿ..."

ಹೇಳುತ್ತಲೇ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಟ್ಟನೆ ಬಲಕ್ಕೆ ಹಾರಿ, ನೆಲ ಮುಟ್ಟುವ ಮೊದಲೇ ಎಡಕ್ಕೆ ಹೊರಳಿದಳು. ಕೇದಾರ ಸದ್ದಿಲ್ಲದೆ ಕುರ್ಚಿಗಳನ್ನು ಗೋಡೆಗೆ ಸರಿಸಿದ.

ಆಮೇಲೆ ಪ್ರತಿ ಭಾನುವಾರ ಅವಳು ಕುಣಿದಳು. ಕುಣಿದದ್ದನ್ನು ಅವನು ಮಾತಾಗಿಸಿ ಅವಳಿಗೇ ಹೇಳುತ್ತಿದ್ದ. ತನ್ನ ಮೈ ತನಗೇ ಮತ್ತೆ ಕಾಣಿಸತೊಡಗಿತ್ತು... ಅವನ ಹೆಜ್ಜೆ ಸದ್ದು ಮೆಟ್ಟಿಲಲ್ಲಿ ಕೇಳಿದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು. 'ಇದನ್ನ ಹೇಗೆ ಹೇಳಲಿ? ಹೇಳಿದರೆ ಕನಿಕರದಿಂದ ಹೂಂ ಅಂದರೆ?'

ಆ ಭಯವೇ ಅವಳನ್ನು ಕೆಡವಿತು.

ಒಂದು ಭಾನುವಾರ ತಿರುಗುವಾಗ ಮೇಜಿಗೆ ತಾಗಿ ಬಿದ್ದಳು. ಮೊಣಕಾಲು ತರಚಿತ್ತು. ಅವನು ಔಷಧಿ ಹಚ್ಚುವಷ್ಟರಲ್ಲಿ ಫೋನು ಬಂತು, ಬಾಲ್ಕನಿಗೆ ಹೋದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಒಂದ್ ಕಾಲಕ್ಕ ಎಷ್ಟು ನಿಂಬಲ್ ಇದ್ಲು! ಈಗ ಎರಡು ಹೆಜ್ಜಿ ಇಟ್ರ ಬೀಳತಾಳ. ನೋಡಿದ್ರ ಪಾಪ ಅನ್ಸತದ... ನನ್ನ ಕೈಲೆ ಆಗವಲ್ದು."

ಹರಿಪ್ರಿಯಾ ಕಲ್ಲಾದಳು. ಪಾಪ... ಪಾಪ ಅಂತಲೇ ಬರುತ್ತಿದ್ದನೇ?

ಅವನು ಒಳಗೆ ಬಂದಾಗ ಅವಳ ದನಿ ತಣ್ಣಗಿತ್ತು. "ಕೇದಾರ ಅವ್ರೇ, ನೀವಿನ್ನು ಬರಬೇಡಿ."

"ಯಾಕ್ರಿ? ಏನಾತು?"

"ಬರಬೇಡಿ ಅಂದ್ನಲ್ಲ!"

ಎಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ. ಕೊನೆಗೆ ಫೋನು ಬರುವುದೂ ನಿಂತಿತು. ಗೆಜ್ಜೆ ಮತ್ತೆ ಪೆಟ್ಟಿಗೆ ಸೇರಿತು.

ಚಳಿಗಾಲದಲ್ಲಿ ಒಂದು ದಿನ ತನ್ವಿ ಮೆಲ್ಲಗೆ ಹೇಳಿದಳು, "ಅಕ್ಕಾ... ಕೇದಾರ ಅವರ ತಾಯಿ ತೀರಿಕೊಂಡ್ರಂತೆ. ನಾಳೆ ಮಧ್ಯಾಹ್ನ ಅವರ ಮನೇಲಿ ತಾಯಿ ಹೆಸರಲ್ಲಿ ಶಿವಗಣಾರಾಧನೆಯ ಪೂಜೆ, ಊಟ."

ಹೋಗದೆ ಇರಲಾಗಲಿಲ್ಲ.

ಮನೆಯ ತುಂಬ ವಿಭೂತಿಯ, ಹೂವಿನ ವಾಸನೆ. ಕೇದಾರನ ಚಿಗವ್ವ ಬಂಗಾರೆವ್ವ ಅವಳ ಕೈ ಹಿಡಿದು ಕೂಡಿಸಿದರು.

"ಕುಣಿಯೋ ಹುಡುಗಿ ನೀನಽ ಏನವಾ? ಇವನವ್ವ, ನಮ್ಮಕ್ಕ ಗುರುಬಸವ್ವ, ನಿನ್ನ ಹಾದಿ ಭಾಳ ಕಾದ್ಲು. ಸಾಲ್ಯಾಗ ಖೋ-ಖೋ ಆಡುವಾಗ ಆಕಿನ್ನ ಮುಟ್ಟೋರ ಇರಲಿಲ್ಲ! ಕೈಕಾಲು ನಡುಗೋ ರೋಗ ಬಂದು, ಕಡೀಕ ಎರಡು ಹೆಜ್ಜಿ ಇಟ್ರೂ ಬೀಳತಿದ್ಲು. ಫೋನಿನಾಗ ನನ್ನ ಮುಂದ ಅದನ್ನ ಹೇಳ್ಕೊಂಡು ಇಂವ ಎಷ್ಟು ಅತ್ತಾನ..."

ಹರಿಪ್ರಿಯಾಳಿಗೆ ಬಾಲ್ಕನಿಯ ದನಿ ನೆನಪಾಯಿತು. ಆ ಮಾತು... ಅವನ ಅವ್ವನ ಬಗ್ಗೆ!

"ದಿನಾ ಸಂಜೀಕ ಹಾಸಿಗಿ ಪಕ್ಕ ಕೂತು ನಿನ್ನ ಕುಣಿತ ಹೇಳತಿದ್ದ. ಆಕಿ ಕಣ್ಣು ಮುಚ್ಚಿ ಕೇಳತಿದ್ಲು. ಒಮ್ಮೆ ಕರಕೊಂಡು ಬಾರೋ ಅಂತಿದ್ಲು."

ಇನ್ನು ಎಲ್ಲಿಗೆ ಬರುವುದು? ಯಾರ ಮುಂದೆ ಕುಣಿಯುವುದು? ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಜನ ಊಟಕ್ಕೆ ಎದ್ದ ಮೇಲೆ ಕೇದಾರ ಎದುರು ಬಂದು ಕುಳಿತ. ಅವನ ಉಸಿರಿನಲ್ಲೇ ಸುಸ್ತು ತಿಳಿಯುತ್ತಿತ್ತು.

"ಅವ್ರಿಗೆ ಹುಷಾರಿಲ್ಲ ಅಂತ ನನಗ್ಯಾಕೆ ಹೇಳ್ಲಿಲ್ಲ?"

"ವಾರದಾಗ ಅದೊಂದು ದಿನ ನೀವು ನಗತಿದ್ರಿ. ಆ ಮನೀಗೆ ರೋಗ ಒಯ್ಯಲಿಕ್ಕೆ ಮನಸ್ಸಾಗ್ಲಿಲ್ಲ."

"ನಾನು ತಪ್ಪು ತಿಳ್ಕೊಂಡೆ, ಕೇದಾರ... ಬಾಲ್ಕನೀಲಿ ನೀವು ಆಡಿದ್ದು ನನ್ನ ಬಗ್ಗೆ ಅಂದ್ಕೊಂಡೆ. ಕೇಳಿದ್ದಿದ್ರೆ ಒಂದು ಮಾತಲ್ಲಿ ಮುಗೀತಿತ್ತು. ನೀವು ಒಬ್ಬರೇ ಅಳೋವಾಗ ನಾನು ಬಾಗಿಲು ಹಾಕ್ಕೊಂಡು ಕೂತಿದ್ದೆ. ಅಮ್ಮನೂ ಹೋಗ್ಬಿಟ್ರು..."

ಅವಳು ಗಾಳಿಯಲ್ಲಿ ಕೈ ಚಾಚಿದಳು. ಅದು ಅವನ ಒದ್ದೆ ಕೆನ್ನೆಗೆ ತಾಗಿತು.

"ಹೇಳಿ... ಖೋ-ಖೋದಲ್ಲಿ ಅಮ್ಮ ಹೇಗೆ ಓಡ್ತಿದ್ರು?"

"ನಾ ನೋಡಿಲ್ರಿ. ಅವ್ವ ಹೇಳಿದ್ದಷ್ಟ. ಹಿಡದೇ ಬಿಟ್ರು ಅನ್ನೋದ್ರಾಗ ಮೈ ಹೊಳ್ಳಿಸಿ..." ಅವನು ಬಿಕ್ಕಿದ. "ಆಗವಲ್ದು, ಪ್ರಿಯಾ. ನೀವಿಲ್ದ ಯಾವುದೂ ಆಗವಲ್ದು. ನೀವಂದ್ರ ನನಗ ಜೀವ..."

"ನನಗೂ. ಆ ಭಾನುವಾರಗಳಿಂದಲೂ."

ಅವನ ಅಳು ತಗ್ಗುವವರೆಗೂ ಅವಳು ಕೈ ತೆಗೆಯಲಿಲ್ಲ.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?" ಮೊದಲ ಸಲ ಏಕವಚನದಲ್ಲಿ ಕೇಳಿದಳು.

"ಇಲ್ಲ."

"ಏಳು. ನಿನ್ನ ಪಕ್ಕ ಕೂತ್ಕೋತೀನಿ, ನಡಿ."