ಒಂದು ಗೆರೆ ಕಡಿಮೆ

ತಾರಸಿಯ ಮೇಲೆ ಎರಡು ಆಂಟೆನಾ, ಮನೆಯೊಳಗೆ ಎರಡು ಪಕ್ಷ.

ಒಂದು, ಅಣ್ಣ ಅಂಗಡಿಯಿಂದ ತಂದು ನಿಲ್ಲಿಸಿದ ಅಲ್ಯೂಮಿನಿಯಂ ಕೋಲು. ಮದುಮಗನ ಹಾಗೆ ಬೀಗುತ್ತ ನೆಟ್ಟಗೆ ನಿಂತಿತ್ತು. ಇನ್ನೊಂದು, ತಂಗಿ ತಾನೇ ಅಳೆದು, ಕತ್ತರಿಸಿ, ಬೆಸುಗೆ ಹಾಕಿ, ನೀರಿನ ಟ್ಯಾಂಕಿನಿಂದ ಮೂಲೆಯ ಕಂಬದವರೆಗೆ ಎಳೆದು ಕಟ್ಟಿದ ತಾಮ್ರದ ತಂತಿ. ಹವ್ಯಾಸಿ ರೇಡಿಯೋದ ಹುಚ್ಚು ಇಬ್ಬರಿಗೂ ಇತ್ತು. ಸೆಟ್ಟು ಮಾತ್ರ ಒಂದೇ.

"ಭಾನುವಾರದೊಳಗೆ ಒಂದು ಕೆಳಗಿಳೀಬೇಕು," ಎಂದಿದ್ದರು ದೊಡ್ಡಮ್ಮ. "ಬಟ್ಟೆ ಹರವೋಕೆ ಹೋದರೆ ಕುತ್ತಿಗೆಗೆ ಸಿಕ್ಕಿಕೊಳ್ಳತ್ತೆ. ಯಾವುದು ಅಂತ ನೀವೇ ಹೊಡೆದಾಡಿಕೊಳ್ಳಿ."

ಹೊಡೆದಾಟದ ಬದಲು ಪರೀಕ್ಷೆ ಎಂದು ಒಪ್ಪಂದವಾಯಿತು. ತೀರ್ಪುಗಾರ, ಕೆಲವು ಬೀದಿಗಳಾಚೆ ತನ್ನ ಬೇಕರಿಯ ಮಹಡಿಯಲ್ಲೇ ರೇಡಿಯೋ ಇಟ್ಟುಕೊಂಡಿದ್ದ ಬೇಕರಿಯವನು. ಇಲ್ಲಿಂದ ಒಂದೊಂದೇ ಆಂಟೆನಾದಲ್ಲಿ ಮಾತಾಡುವುದು. ಅಲ್ಲಿ ಸಿಗ್ನಲ್ಲಿನ ಬಲ ತೋರಿಸುವ ಅವನ ಮೀಟರಿನ ಮುಳ್ಳು ಯಾವುದಕ್ಕೆ ಹೆಚ್ಚು ಗೆರೆ ಏರಿತೋ ಅದು ಗೆದ್ದಂತೆ.

ವಾರವಿಡೀ ತಂಗಿಯೇ ಗೆದ್ದಳು.

"ಮೊದಲನೇದು ನಂದು, ಎರಡನೇದು ಅಣ್ಣಂದು. ಹೇಗಿದೆ?"

"ನಿಮ್ಮದೇ ಮೇಲು." ಒಲೆಯಿಂದ ಈಗಷ್ಟೇ ತೆಗೆದ ಹಾಗೆ ಬೆಚ್ಚಗಿತ್ತು ಆ ದನಿ. "ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ."

ಅವಳ ಕಿವಿ ಬಿಸಿಯಾಗುತ್ತಿತ್ತು. ರೇಡಿಯೋದಲ್ಲಿ ಇಷ್ಟು ಮಾತಾಡುವವನು ಅಂಗಡಿಯಲ್ಲಿ ಎದುರು ನಿಂತರೆ ನಾಲಿಗೆ ಕಳೆದುಕೊಂಡವನು. ಬ್ರೆಡ್ಡು ಸುತ್ತಿಕೊಡುವಾಗ ಕಾಗದವನ್ನೇ ನೋಡುತ್ತಿದ್ದ. ಅವಳು ತಿರುಗಿದ ಮೇಲೆ ಮಾತ್ರ ತಲೆಯೆತ್ತುತ್ತಿದ್ದ. ಗಾಜಿನ ಬಾಗಿಲಲ್ಲಿ ಅದು ಅವಳಿಗೆ ಕಾಣುತ್ತಿತ್ತು.

ಆದರೂ ಅವಳ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಚಿಕ್ಕಂದಿನಿಂದಲೂ ಅವಳು ಏನು ಮಾಡಿದರೂ ಮನೆಯಲ್ಲಿ "ಚೆನ್ನಾಗಿದೆ ಪುಟ್ಟಿ" ಎಂದು ತಲೆ ಸವರುತ್ತಿದ್ದರು. ಮಗು ಗೀಚಿದ ಚಿತ್ರವನ್ನು ಹೊಗಳುವ ಹೊಗಳಿಕೆ ಅದು. ಈ ತಂತಿಯೊಂದಾದರೂ ನಿಜವಾಗಿ ಚೆನ್ನಾಗಿರಬೇಕು, ಇಲ್ಲವೇ ಚೆನ್ನಾಗಿಲ್ಲವೆಂದು ಯಾರಾದರೂ ಹೇಳಬೇಕು. ಅಷ್ಟೇ ಅವಳ ಆಸೆ.

ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ. "ಇದು ಸ್ಪಷ್ಟನಾ, ಅದು ಸ್ಪಷ್ಟನಾ?" ಎಂದು ದಿನವಿಡೀ ಗಾಜು ಬದಲಾಯಿಸುವುದು. ಕೆಲವರು ಅವಳನ್ನು ಮೆಚ್ಚಿಸಲು ಏನೋ ಒಂದು ಹೇಳಿಬಿಡುತ್ತಾರೆ. ಅಂಥವರಿಗೆ ಅವಳು ಅದೇ ಗಾಜನ್ನೇ ಎರಡು ಸಲ ಇಟ್ಟು ಕೇಳುತ್ತಾಳೆ.

ಭಾನುವಾರ ಮಧ್ಯಾಹ್ನ ಹಾಗೇ ಮಾಡಿದಳು. ಅಣ್ಣನ ಕೋಲಿನ ಕೇಬಲ್ಲು ಸೆಟ್ಟಿಗೆ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ ಇತ್ತು.

"ಮೊದಲನೇದು ನಂದು." ತುಸು ಬಿಟ್ಟು, "ಈಗ ಅಣ್ಣಂದು. ಯಾವುದು?"

"ಅದರಲ್ಲಿ ಕೇಳೋದೇನಿದೆ? ನಿಮ್ಮದೇ. ತುಂಬಾ ವ್ಯತ್ಯಾಸ."

"ನಾನು ಏನೂ ಬದಲಾಯಿಸಿಲ್ಲ," ಎಂದಳು ಅವಳು. "ಎರಡು ಸಲವೂ ಅಣ್ಣಂದೇ."

ಆ ಕಡೆಯಿಂದ ಬರೀ ಗೊರಗೊರ. ಅವಳು ಸೆಟ್ಟು ಆರಿಸಿದಳು.

ಕಣ್ಣೊರೆಸಿಕೊಂಡು ತಾರಸಿಗೆ ಬರುವಷ್ಟರಲ್ಲಿ ಮೆಟ್ಟಿಲಲ್ಲಿ ಬೇಕರಿಯವನ ಏದುಸಿರು. ತೋಳಿನ ಮೇಲೆ ಹಿಟ್ಟು, ಸೊಂಟದಲ್ಲಿ ಬಿಚ್ಚಲು ಮರೆತ ಏಪ್ರನ್ನು. ಮೊದಲ ಸಲ ಅವನು ಅವಳ ಮುಖ ನೋಡಿ ಮಾತಾಡಿದ.

"ಮೊದಲ ದಿನದಿಂದಲೂ ನಿಮ್ಮದೇ ಕಡಿಮೆ. ಮುಳ್ಳು ಅಲ್ಲಾಡ್ತಾನೇ ಇರಲಿಲ್ಲ."

"ಮತ್ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಪರೀಕ್ಷೆ ಅವತ್ತೇ ಮುಗೀತಿತ್ತು. ಆಮೇಲೆ ನನ್ನನ್ನ ಯಾಕೆ ಕರೀತೀರಿ?"

ಅವಳ ಸಿಟ್ಟು ಒಂದು ಕ್ಷಣ ಕಾಲು ಜಾರಿತು. ಹಿಡಿದು ನಿಲ್ಲಿಸಿದಳು. "ನನ್ನನ್ನ ಖುಷಿಪಡಿಸೋಕೆ ಮನೆ ತುಂಬ ಜನ ಇದಾರೆ. ನೀವೂ ಬೇಕಿರಲಿಲ್ಲ."

ಅವನು ತಲೆ ತಗ್ಗಿಸಿದ. ಆಮೇಲೆ ತಂತಿಯ ಉದ್ದಕ್ಕೂ ಕಣ್ಣು ಹಾಯಿಸಿ, ಮೆಲ್ಲಗೆ ಅಂದ: "ಒಂದು ನಿಜ ಹೇಳ್ಲಾ? ಬೆಸುಗೆಯಲ್ಲಿ ತಪ್ಪಿಲ್ಲ. ಅಳತೆಯಲ್ಲೂ ತಪ್ಪಿಲ್ಲ. ಕಟ್ಟಿರೋ ದಿಕ್ಕು ತಪ್ಪು. ಇಂಥ ತಂತಿ ಅಕ್ಕಪಕ್ಕಕ್ಕೆ ಚೆನ್ನಾಗಿ ಕೇಳಿಸತ್ತೆ, ತುದಿಯ ಕಡೆಗೆ ಕೇಳಿಸಲ್ಲ. ನಿಮ್ಮ ತಂತಿಯ ತುದಿ ನೋಡಿ, ನೇರ ನಮ್ಮ ಬೇಕರಿಗೇ ಇದೆ."

ಅವಳು ನೋಡಿದಳು. ಹೌದು. ಇಷ್ಟು ಸುಲಭದ್ದು ತನಗೇ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹೇಳಿದನಲ್ಲ ಎಂದು ಮನಸ್ಸು ಅದಕ್ಕಿಂತ ಹೆಚ್ಚು ಹಗುರವಾಯಿತು.

ಇಬ್ಬರೂ ಸೇರಿ ಕಂಬಕ್ಕೆ ಕಟ್ಟಿದ್ದ ತಂತಿಯ ತುದಿಯನ್ನು ಬಿಚ್ಚಿ ಇನ್ನೊಂದು ಮೂಲೆಗೆ ಒಯ್ದರು. ಅವನು ತಂತಿ ಬಿಗಿಹಿಡಿದ, ಅವಳು ಗಂಟು ಹಾಕಿದಳು. ಬೆರಳಿಗೆ ಬೆರಳು ತಾಗಿದಾಗ ತಂತಿ ಸಡಿಲವಾಗಿ, ಗಂಟು ಮತ್ತೆ ಮೊದಲಿನಿಂದ ಹಾಕಬೇಕಾಯಿತು.

"ಇನ್ನೊಂದೇ ಸಲ ಪರೀಕ್ಷೆ," ಎಂದಳು ಅವಳು. "ಯಾವುದು ಯಾರದ್ದು ಅಂತ ಮೊದಲೇ ಹೇಳ್ತೀನಿ. ಮುಳ್ಳು ಹೇಳಿದ್ದನ್ನ ನೀವು ಹೇಳಬೇಕು."

ಅವನು ಬೇಕರಿಗೆ ಓಡಿದ. ಸೆಟ್ಟಿನ ಮುಂದೆ ಅಣ್ಣ ಕಾದು ಕೂತಿದ್ದ. "ತೀರ್ಪುಗಾರರು ಮನೆಗೇ ಬಂದು ಹೋದರಂತೆ. ನಂದು ಸೋತ ಹಾಗೇ ಬಿಡು."

"ಸುಮ್ಮನೆ ಕೇಬಲ್ಲು ಬದಲಾಯಿಸು," ಎಂದಳು.

ಮೊದಲು ಅಣ್ಣನ ಕೋಲು, ಆಮೇಲೆ ಅವಳ ತಂತಿ. ಉತ್ತರ ಬರಲು ಹೊತ್ತು ಹಿಡಿಯಿತು.

"ಅಣ್ಣಂದು ಎಂಟು ಗೆರೆ," ಎಂದಿತು ದನಿ. "ನಿಮ್ಮದು ಏಳು. ಒಂದು ಗೆರೆ ಕಡಿಮೆ. ನೀವು ಸೋತಿರಿ."

ಅಣ್ಣ ಬೀಗಲು ಹೊರಟವನು ತಂಗಿಯ ಮುಖ ನೋಡಿ ನಿಂತ. "ಸೋತಿದ್ದು ನೀನು ಕಣೇ. ಯಾಕೆ ನಗ್ತಿದೀಯ?"

ಅವಳ ಕೈಕೆಲಸಕ್ಕೆ ಸಿಕ್ಕ ಮೊದಲ ನಿಜವಾದ ಏಳು ಅದು. ಅದನ್ನು ಹೇಳಲು ಆ ಕಡೆ ಒಬ್ಬ ಎಷ್ಟು ಬೆವರಿರಬೇಕು ಎಂದು ಅವಳಿಗೆ ಗೊತ್ತಿತ್ತು. ಮೈಕಿನ ಗುಂಡಿ ಒತ್ತಿದಳು.

"ತಂತಿ ಇಳಿಸಬೇಕು. ಏಣಿ ಹಿಡಿಯೋಕೆ ಬನ್ನಿ."

"ಅಣ್ಣ ಇದಾರಲ್ಲ?"

"ಅವನು ಸುಳ್ಳು ಹೇಳಿಲ್ಲ. ಅವನಿಗ್ಯಾಕೆ ಶಿಕ್ಷೆ?"

ಆ ಕಡೆ ನಗು. ಆಮೇಲೆ ಹಿಂಜರಿಯುತ್ತ, "ಇಳಿಸಿದ ಮೇಲೆ ಆ ತಂತಿ ಏನ್ಮಾಡ್ತೀರಿ?"

ಅಣ್ಣ ಕೆಮ್ಮಿ, ಕುರ್ಚಿ ಬಿಟ್ಟೆದ್ದು, ಬಾಗಿಲೆಳೆದುಕೊಂಡು ಹೊರಗೆ ಹೋದ.

"ನಿಮ್ಮ ಬೇಕರಿ ತಾರಸಿ ಎಷ್ಟು ಉದ್ದ ಇದೆ?" ಎಂದಳು ಅವಳು, ದನಿ ತಗ್ಗಿಸಿ.

"ಗೊತ್ತಿಲ್ಲ," ಎಂದ ಅವನು. "ನಿಜವಾಗ್ಲೂ ಗೊತ್ತಿಲ್ಲ. ನೀವೇ ಬಂದು ಅಳೀರಿ."